ಸೆಲ್ ಇಲ್ಲದ ಡೋರ್ ಲಾಕು: ಭಾರದ ಕೆಲ್ಸ ಕೈಗೆ ಬಿಡ್ರಿ

ಎಲೆಕ್ಟ್ರಾನಿಕ್ ಡೋರ್ ಲಾಕ್ ಅಂದ್ರೆ ಒಳಗೆ ನಾಲ್ಕು ಸೆಲ್ ಇದ್ದೇ ಇರುತ್ತೆ, ಇದ್ದ ಮೇಲೆ ಒಂದಿನ ಡೌನ್ ಆಗೇ ಆಗ್ತವೆ. ದಾವಣಗೆರೇಲಿ ಈಗ ಪಿಜಿ, ಲಾಡ್ಜು, ವಿದ್ಯಾನಗರ ಕಡೆ ಸ್ಟೂಡೆಂಟ್ಸ್‌ಗೆ ಬಾಡಿಗೆ ಕೊಡೋ ಮನೆ, ಎಲ್ಲಾ ಕಡೆ ಇವನ್ನ ಹಾಕಿಸ್ತಿದಾರೆ. ರಿಪೇರಿಗೆ ಅಂತ ನನ್ ಹತ್ರ ಬರೋದ್ರಲ್ಲಿ ಬೋರ್ಡ್ ಸುಟ್ಟಿರೋದು ಕಮ್ಮಿ, ಸೆಲ್ ಸೋರಿ ಬಿಳಿ ಪುಡಿ ಕಟ್ಟಿ ಕಾಂಟ್ಯಾಕ್ಟ್ ತಿಂದುಹಾಕಿರೋದೇ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ಪಶ್ಚಿಮಕ್ಕಿರೋ ಬಾಗಿಲ ಪ್ಲೇಟ್ ಮೇಲೆ ಕೈ ಇಡಕ್ಕಾಗಲ್ಲ, ಸೆಲ್ ಪಾಡೇನು ಹೇಳಿ. ಅದಕ್ಕೇ ಸೆಲ್ಲೇ ಬೇಡ, ಹ್ಯಾಂಡಲ್ ಒತ್ತೋ ಕೈಯಿಂದಾನೇ ಲಾಕಿಗೆ ಬೇಕಾದ ಕರೆಂಟ್ ಹುಟ್ಬೇಕು ಅನ್ನೋ ಹಟಕ್ಕೆ ಬಿದ್ದಿದೀನಿ.

ಮೊದ್ಲು ಒಂದ್ ಲೆಕ್ಕ ನೋಡಿ. ಒಂದು ಒಳ್ಳೆ ಆಲ್ಕಲೈನ್ ಪೆನ್ ಸೆಲ್ಲಲ್ಲಿ ಹೆಚ್ಚು ಕಮ್ಮಿ 10,000 ಜೂಲ್ ಶಕ್ತಿ ಇರುತ್ತೆ. ಲಾಕ್ ಒಂದ್ಸಲ ತೆಗೆಯೋಕೆ ಅರ್ಧ ಜೂಲ್ ಅಂತ ಇಟ್ಕೊಂಡ್ರೆ, ದಿನಕ್ಕೆ ಹತ್ತು ಸಲ ತೆಗೆದ್ರೂ ವರ್ಷಕ್ಕೆ 1,800 ಜೂಲ್ ಚಿಲ್ಲರೆ ಅಷ್ಟೇ. ಆದ್ರೆ ಲಾಕ್ ಸುಮ್ನೆ ಮಲಗಿ ಕಾಯ್ತಾ ಇರೋವಾಗ 50 ಮೈಕ್ರೋಆಂಪ್ ಎಳೀತಾ ಇದ್ರೆ, 6 ವೋಲ್ಟಲ್ಲಿ ವರ್ಷಕ್ಕೆ 9,000 ಜೂಲ್ ಮೇಲೆ ಹೋಗುತ್ತೆ. ಹನಿ ಹನಿ ಗೂಡಿದ್ರೆ ಹಳ್ಳ ಅಂತಾರಲ್ಲ, ಇಲ್ಲಿ ಹಳ್ಳ ಹರಿದು ಆಚೆ ಹೋಗ್ತಾ ಇದೆ. ಬಾಗಿಲು ತೆಗೆಯೋಕಿಂತ ಯಾರೋ ಬರ್ತಾರೆ ಅಂತ ಕಾಯೋಕೇ ಸೆಲ್ ಖರ್ಚಾಗೋದು! ಕೈ ಇಟ್ಟಾಗ ಮಾತ್ರ ಜೀವ ಬರೋ ಲಾಕಿಗೆ ಈ ಕಾಯೋ ಖರ್ಚು ಪೂರ್ತಿ ಸೊನ್ನೆ. ನಂಗೆ ಈ ವಿಷ್ಯದ ಹುಚ್ಚು ಹಿಡಿದಿದ್ದೇ ಈ ಲೆಕ್ಕ ಹಾಕಿದ ಮೇಲೆ.

ಇದೇನೂ ಹೊಸಾ ಐಡಿಯಾ ಅಲ್ಲ. ಅಮೆರಿಕದ ಮಾಸ್ ಹ್ಯಾಮಿಲ್ಟನ್ ಅವರ ಎಕ್ಸ್ 07 ಅನ್ನೋ ತಿಜೋರಿ ಲಾಕು 1990ರ ದಶಕದಲ್ಲೇ ಡಯಲ್ ತಿರುಗಿಸಿದ್ರೆ ಅದ್ರಿಂದಾನೇ ಕರೆಂಟ್ ಮಾಡ್ಕೊಳ್ತಿತ್ತು, ಫಿನ್‌ಲ್ಯಾಂಡಿನ ಐಲಾಕ್ ಕಂಪನಿ ಕೀ ಒಳಗೆ ತಳ್ಳೋ ಜೋರಿಂದಾನೇ ಕರೆಂಟ್ ತೆಗೀತು.

ಸರಿ, ಕೈಯಿಂದ ಎಷ್ಟು ಸಿಗುತ್ತೆ? ಹ್ಯಾಂಡಲ್ ತುದೀಲಿ 20 ನ್ಯೂಟನ್, ಅಂದ್ರೆ ಎರಡು ಕೆಜಿ ಭಾರದಷ್ಟು ಒತ್ತಿದ್ರೆ, 10 ಸೆಂಟಿಮೀಟರ್ ಉದ್ದದ ಹ್ಯಾಂಡಲ್ 45 ಡಿಗ್ರಿ ಇಳಿಯೋಷ್ಟ್ರಲ್ಲಿ ಒಂದೂವರೆ ಜೂಲ್ ಕೆಲ್ಸ ಆಗುತ್ತೆ. ಅದ್ರಲ್ಲಿ ಅರ್ಧ ಸ್ಪ್ರಿಂಗಿಗೆ ಮತ್ತೆ ಲಾಕಿನ ನಾಲಿಗೆ, ಅಂದ್ರೆ ಚೌಕಟ್ಟಿನ ತೂತೊಳಗೆ ಕೂರೋ ಲೋಹದ ತುಂಡು, ಎಳೆಯೋಕೆ ಹೋಯ್ತು ಅನ್ನಿ, ಉಳಿದಿದ್ದು ಗೇರು, ಡೈನಮೋ, ಕರೆಂಟನ್ನ ಒಂದೇ ಕಡೆ ಹರಿಯೋಕೆ ಬಿಡೋ ಡಯೋಡು ಎಲ್ಲಾ ದಾಟಿ ಬರೋಷ್ಟ್ರಲ್ಲಿ ಕೈಗೆ ಸಿಗೋದು 0.2 ಜೂಲ್, ತುಂಬಾ ಚೆನ್ನಾಗಿ ಮಾಡಿದ್ರೆ 0.3. ಗೇಟಿಗೆ ಹಾಕೋ 12 ವೋಲ್ಟ್ ಸೊಲೆನಾಯ್ಡ್ (ಕರೆಂಟ್ ಕೊಟ್ರೆ ರಾಡ್ ಎಳೆಯೋ ಕಾಯಿಲ್) 1 ಆಂಪ್ ತಗೊಂಡು ಮೂರು ಸೆಕೆಂಡ್ ಹಿಡ್ಕೊಂಡ್ರೆ 36 ಜೂಲ್ ಬೇಕು, ಅಂದ್ರೆ ಹ್ಯಾಂಡಲ್ ನೂರೆಂಬತ್ತು ಸಲ ಒತ್ಬೇಕು. ಆಗೋ ಮಾತಲ್ಲ.

ಹಂಗಾಗಿ ಜಾಸ್ತಿ ಕರೆಂಟ್ ಹುಟ್ಟಿಸೋಕೆ ಒದ್ದಾಡೋ ಬದ್ಲು ಕರೆಂಟಿಗೆ ಕೊಡೋ ಕೆಲ್ಸಾನೇ ಕಮ್ಮಿ ಮಾಡ್ಬೇಕು. ನಾಲಿಗೆ ಎಳೆಯೋ ಭಾರದ ಕೆಲ್ಸ ಕೈಯೇ ಮಾಡ್ಲಿ, ಕೈ ಹೆಂಗೂ ಹ್ಯಾಂಡಲ್ ಮೇಲೇ ಇದೆ. ಕರೆಂಟು ಮಾಡ್ಬೇಕಾದ್ದು ಒಂದೇ, ಹ್ಯಾಂಡಲ್ಲಿಗೂ ನಾಲಿಗೆ ಎಳೆಯೋ ಒಳಗಿನ ಸ್ಪಿಂಡಲ್ಲಿಗೂ (ತಿರುಗೋ ಕಡ್ಡಿ) ನಡುವೆ ಒಂದು ಸಣ್ಣ ಪಿನ್ ಕೂರಿಸೋದು. ಪಿನ್ ಕೂತ್ರೆ ಎರಡೂ ಒಟ್ಟಿಗೆ ತಿರುಗ್ತವೆ, ಕೂರ್ಲಿಲ್ಲ ಅಂದ್ರೆ ಹೊರಗಿನ ಹ್ಯಾಂಡಲ್ ಖಾಲಿ ತಿರುಗುತ್ತೆ, ಕಳ್ಳ ಎಷ್ಟ್ ಜೋರ್ ಮಾಡಿದ್ರೂ ಆ ಜೋರು ನಾಲಿಗೆ ತನಕ ಹೋಗೋದೇ ಇಲ್ಲ.

ಈ ಪಿನ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇಡೀ ಆಟ ಇರೋದೇ ಇಲ್ಲಿ. ಅರ್ಧ ನ್ಯೂಟನ್ ಸ್ಪ್ರಿಂಗ್ ಎದ್ರು ಪಿನ್ನನ್ನ 3 ಮಿಲಿಮೀಟರ್ ಸರಿಸೋಕೆ ಬೇಕಾಗೋದು 1.5 ಮಿಲಿಜೂಲ್, ಏನೇನೂ ಅಲ್ಲ. ಅದೇ ಪಿನ್ ಮೇಲೆ ಹ್ಯಾಂಡಲ್ ಒತ್ತಿರೋ ಭಾರ ಬಿದ್ದಿದೆ ಅನ್ಕೊಳ್ಳಿ. ಪಿನ್ ಸೆಂಟರಿಂದ ಒಂದೇ ಸೆಂಟಿಮೀಟರ್ ದೂರದಲ್ಲಿದ್ರೆ ಅದ್ರ ಪಕ್ಕಕ್ಕೆ 200 ನ್ಯೂಟನ್ ಬೀಳುತ್ತೆ, ಆ ಉಜ್ಜಾಟದಲ್ಲಿ ಅದೇ 3 ಮಿಲಿಮೀಟರ್ ಸರಿಸೋಕೆ 90 ಮಿಲಿಜೂಲ್ ಬೇಕಾಗುತ್ತೆ. ಅರವತ್ತು ಪಟ್ಟು! ನಾವು ಕಷ್ಟಪಟ್ಟು ಹುಟ್ಟಿಸಿದ್ರಲ್ಲಿ ಅರ್ಧದ ಹತ್ರ ಬರೀ ಉಜ್ಜೋಕೇ ಹೋಯ್ತು. ಅದಕ್ಕೆ ಪಿನ್ ಸರಿಯೋ ಹೊತ್ತಲ್ಲಿ ಅದ್ರ ಮೇಲೆ ಭಾರ ಇರ್ಲೇಬಾರ್ದು. ಹ್ಯಾಂಡಲ್‌ನ ಮೊದಲ 15-20 ಡಿಗ್ರಿ ಬರೀ ಡೈನಮೋ ತಿರುಗಿಸೋಕೆ ಬಿಟ್ಟು, ಹೊರಗೆ ತೋರ್ಸಿದ ಕಾರ್ಡ್ ಚೆಕ್ ಆಗಿ ಪಿನ್ ಕೂತ ಮೇಲೆ ನಾಲಿಗೆ ಎಳೆಯೋ ಹಂಗೆ ಇಡ್ಬೇಕು. ಅಕಸ್ಮಾತ್ ಪಿನ್ ಕೂರೋ ತೂತು ಎದ್ರುಗಡೆ ಇಲ್ದೇ ಇದ್ರೆ ಪಿನ್ ಸರಿಸೋ ಮೋಟರ್ ಅದನ್ನ ನೇರ ತಳ್ಳದೇ ಒಂದು ಸಣ್ಣ ಸ್ಪ್ರಿಂಗ್ ಒತ್ತಿಟ್ಟು ಸುಮ್ನಾಗ್ಬೇಕು, ತೂತು ಬಂದಾಗ ಪಿನ್ ತಾನೇ ಟಕ್ ಅಂತ ಕೂರುತ್ತೆ.

ಹರಿಹರದಲ್ಲಿ ನನಗೆ ಪಿನ್ನು, ಬುಷ್ಷು ಕಟ್ ಮಾಡಿಕೊಡೋ ಮೇಸ್ತ್ರಿ ಒಬ್ರಿದಾರೆ. ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಮಷಿನ್ ಮಾಡ್ತಿದ್ದ ಊರದು, ಆ ಕೈಗಳಲ್ಲಿ ಇನ್ನೂ ಅದೇ ಪಳಗಿದ ಲೆಕ್ಕ ಐತೆ. ಡ್ರಾಯಿಂಗ್ ನೋಡಿ ಅವ್ರು ಹೇಳಿದ್ದು, "ಇಷ್ಟ್ ಟೈಟ್ ಫಿಟ್ ಇಡಬ್ಯಾಡ್ರಿ ಸರ, ಬ್ಯಾಸಿಗ್ಯಾಗ ಧೂಳು ಗ್ರೀಸು ಕೂಡಿ ಅಂಟಾಗಿ ಹಿಡ್ಕಂತತಿ, ಚೂರು ಆಟ ಬಿಡ್ರಿ." ನೂರಕ್ಕೆ ನೂರು ನಿಜ. ಈಗ ಪಿನ್ನಿಗೆ ಗ್ರೀಸೇ ಹಚ್ಚಲ್ಲ, ಸ್ಟೀಲ್ ಪಿನ್ನು, ಹಿತ್ತಾಳೆ ಬುಷ್ಷು, ಗ್ರಾಫೈಟ್ ಪುಡಿ ಅಷ್ಟೇ.

ಇನ್ನು ಡೈನಮೋ. ಸಣ್ಣ ಡಿಸಿ ಮೋಟರ್ ತಿರುಗಿಸಿದ್ರೆ ಅದೇ ಡೈನಮೋ, ಆದ್ರೆ ವೋಲ್ಟೇಜು ಸ್ಪೀಡಿನ ಮೇಲೆ. ಹುಡುಗ್ರು 0.3 ಸೆಕೆಂಡಲ್ಲಿ ಹ್ಯಾಂಡಲ್ ಒತ್ತಿದ್ರೆ 80 ಪಟ್ಟು ಗೇರಲ್ಲಿ ಮೋಟರ್ 2000 ಆರ್‌ಪಿಎಂ ಓಡುತ್ತೆ, ನಮ್ಮಜ್ಜಿ ತರ ನಿಧಾನಕ್ಕೆ ಒಂದು ಸೆಕೆಂಡ್ ತಗೊಂಡ್ರೆ 600 ಅಷ್ಟೇ. ಆ ಸ್ಪೀಡಲ್ಲಿ ಮೂರು ವೋಲ್ಟ್ ಬಂದ್ರೂ ಮಾಮೂಲಿ ಬ್ರಿಡ್ಜ್ ಡಯೋಡಲ್ಲಿ 1.4 ವೋಲ್ಟ್ ಹೋಗಿಬಿಡುತ್ತೆ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನೋ ಹಂಗೆ. ಶಾಟ್ಕಿ ಅನ್ನೋ ಕಮ್ಮಿ ವೋಲ್ಟ್ ತಿನ್ನೋ ಡಯೋಡ್ ಹಾಕಿದ್ರೆ ಆ ನಷ್ಟ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಅದಕ್ಕಿಂತ ಒಳ್ಳೆ ದಾರಿ ಅಂದ್ರೆ ಹ್ಯಾಂಡಲ್ ಮೊದ್ಲು ಒಂದು ಸ್ಪ್ರಿಂಗ್ ಬಿಗೀಬೇಕು, ಒಂದು ಹಂತಕ್ಕೆ ಬಂದ ಮೇಲೆ ಕೊಕ್ಕೆ ಜಾರಿ ಸ್ಪ್ರಿಂಗ್ ಒಮ್ಮೆಲೇ ಬಿಟ್ಕೊಂಡು ಡೈನಮೋನ ಗಿರ್ರಂತ ತಿರುಗಿಸ್ಬೇಕು. ಆಗ ಅಜ್ಜಿ ಒತ್ತಿದ್ರೂ ಮೊಮ್ಮಗ ಒತ್ತಿದ್ರೂ ಅದೇ ಸ್ಪೀಡು, ಅದೇ ವೋಲ್ಟೇಜು. ನಡುವೆ ಸೈಕಲ್ ಫ್ರೀವೀಲ್ ತರದ್ದೊಂದು ಇದ್ರೆ ಹ್ಯಾಂಡಲ್ ವಾಪಸ್ ಬಂದ್ರೂ ಡೈನಮೋ ಓಡ್ತಾನೇ ಇರುತ್ತೆ.

ಹುಟ್ಟಿದ ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಟ್ಕೊಳ್ಳೋಕೆ ಕೆಪಾಸಿಟರ್ ಬೇಕು, ಅದು ದೊಡ್ದಿದ್ರೆ ಒಳ್ಳೇದು ಅಂತ ಎಲ್ರೂ ಅನ್ಕೊಳ್ತಾರೆ. ಇಲ್ಲಿ ಉಲ್ಟಾ. 0.2 ಜೂಲನ್ನ 0.1 ಫ್ಯಾರಡ್ ಸೂಪರ್ ಕೆಪಾಸಿಟರಿಗೆ ಹಾಕಿದ್ರೆ ಎರಡೇ ವೋಲ್ಟ್ ಏರುತ್ತೆ, ಮೋಟರ್ ಅಲ್ಲಾಡಲ್ಲ. ಅದೇ 10,000 ಮೈಕ್ರೋಫ್ಯಾರಡ್ ಆದ್ರೆ 6 ವೋಲ್ಟ್ ದಾಟುತ್ತೆ, ಲಾಕಿನ ಮಿದುಳಾದ ಮೈಕ್ರೋಕಂಟ್ರೋಲರ್ ಚಿಪ್ ಎದ್ದು ಕಾರ್ಡ್ ಓದಿ ಪಿನ್ ಸರಿಸೋಕೆ ಧಾರಾಳ.

ಪಿನ್ ಸರಿಸೋಕೆ ಮ್ಯಾಗ್ನೆಟ್ ಹಾಕ್ಬೇಕಾ ಮೋಟರ್ ಹಾಕ್ಬೇಕಾ ಅಂತ ಇಲ್ಲಿನ ಬಿಐಇಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದೋ ಹುಡುಗ್ರು ಕೇಳ್ತಾರೆ. ಎರಡು ಕಡೆ ನಿಲ್ಲೋ ಮ್ಯಾಗ್ನೆಟ್ ತರದ್ದಕ್ಕೆ ಶಕ್ತಿ ಕಮ್ಮಿ ಸಾಕು, ಜಾಗಾನೂ ಕಮ್ಮಿ, ಆದ್ರೆ ಹೊರಗಿಂದ ದೊಡ್ಡ ಮ್ಯಾಗ್ನೆಟ್ ಹಿಡಿದ್ರೆ, ಸುತ್ತಿಗೇಲಿ ಬಡಿದ್ರೆ ಸರಿದುಬಿಡೋ ಭಯ ಇದೆ. ಮೋಟರಿಗೆ ವರ್ಮ್ ಗೇರ್ (ಸ್ಕ್ರೂ ತರ ಸುತ್ತಿರೋ ಗೇರು) ಹಾಕಿದ್ರೆ ಬಡಿದ್ರೂ ಸರಿಯಲ್ಲ, ಆದ್ರೆ ತಾನಾಗೇ ಹಿಂದಕ್ಕೆ ತಿರುಗದೇ ಇರೋ ವರ್ಮ್ ಕೊಟ್ಟ ಶಕ್ತೀಲಿ ಅರ್ಧಕ್ಕಿಂತ ಜಾಸ್ತಿ ತಿಂದುಹಾಕುತ್ತೆ. ನನ್ ಓಟು ವರ್ಮಿಗೇ. 1.5 ಮಿಲಿಜೂಲಿನ ಕೆಲಸಕ್ಕೆ ನಾಲ್ಕು ಪಟ್ಟು ಖರ್ಚಾದ್ರೂ 6 ಮಿಲಿಜೂಲ್ ಅಷ್ಟೇ, ಮನೆ ಬಾಗಿಲ ವಿಷ್ಯದಲ್ಲಿ ಅಷ್ಟು ಕೊಡೋಕೆ ನಾನಂತೂ ರೆಡಿ.

ಜಾಗದ ವಿಷ್ಯ ಹೇಳೋದಾದ್ರೆ, ಈಗಿನ ಫ್ಲಶ್ ಡೋರ್ ದಪ್ಪ 30-35 ಮಿಲಿಮೀಟರ್ ಅಷ್ಟೇ, ಕೊರೆದು ಡೈನಮೋ ಹೂತಿಡೋಕೆ ಹೋದ್ರೆ ಬಾಗಿಲೇ ಸೀಳುತ್ತೆ. ಡೈನಮೋ, ಬೋರ್ಡು, ಕೆಪಾಸಿಟರ್ ಎಲ್ಲಾ ಒಳಗಡೆ ಪ್ಲೇಟ್ ಕೆಳಗೆ ಇರ್ಲಿ, ಹೊರಗೆ ಹ್ಯಾಂಡಲ್ಲು ಮತ್ತೆ ಕಾರ್ಡ್ ತೋರ್ಸೋ ಜಾಗ ಮಾತ್ರ ಸಾಕು, ಬಿಸಿಲಿಂದಾನೂ ಬಚಾವ್ ಕಳ್ಳರಿಂದಾನೂ ಬಚಾವ್. ಒಳಗಿನ ಹ್ಯಾಂಡಲ್ ಮಾತ್ರ ಯಾವ ಪಿನ್ನಿಗೂ ಯಾವ ಕರೆಂಟಿಗೂ ಕಾಯ್ದೇ ನೇರ ನಾಲಿಗೆಗೇ ಸೇರಿರ್ಬೇಕು, ಬೆಂಕಿ ಬಿದ್ದಾಗ ಒಳಗಿರೋರು ಒಂದೇ ಒತ್ತಿಗೆ ಹೊರಗ್ ಬರ್ಬೇಕು, ಇದ್ರಲ್ಲಿ ರಾಜಿ ಮಾಡ್ಕೊಳ್ಳೋ ಲಾಕನ್ನ ನಾನು ಯಾವ ಪಿಜಿಗೂ ಹಾಕಲ್ಲ.