ಜಾಗ ಬಿಟ್ಟ ಪರಮಾಣು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆಯೇ?

ಉಪಗ್ರಹ ಕಟ್ಟುವ ಊರು ಬೆಂಗಳೂರು. ಬಾಹ್ಯಾಕಾಶದ ವಿಕಿರಣ ಬಡಿದು ಸಿಲಿಕಾನಿನ ಪರಮಾಣುಗಳು ಜಾಗ ತಪ್ಪುತ್ತವೆ ಎಂದರೆ ಇಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಮರುಪ್ರಶ್ನೆ ಒಂದೇ: "ಅದನ್ನ ಯಾವ ಮೈಕ್ರೋಸ್ಕೋಪಲ್ಲಿ ನೋಡ್ತೀರಿ ಸಾರ್?"

ನೋಡುವುದೇ ಇಲ್ಲ. ಒಂದು ಘನ ಸೆಂಟಿಮೀಟರ್ ಸಿಲಿಕಾನಿನಲ್ಲಿ ಸುಮಾರು 5×10²² ಪರಮಾಣುಗಳಿವೆ. ಹುಡುಕುವ ದೋಷಗಳು, ಅಂದರೆ ಪರಮಾಣು ಬಿಟ್ಟುಹೋದ ಖಾಲಿ ಜಾಗಗಳು, 10¹² ಇದ್ದರೆ ಐದು ಸಾವಿರ ಕೋಟಿಗೊಂದು. ಮುಖ ನೋಡಿ ಹಿಡಿಯಲಾಗದು, ಚಾಳಿ ನೋಡಿ ಹಿಡಿಯಬೇಕು. ದೋಷದ ಚಾಳಿಯೆಂದರೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುವುದು. ಆ ತಡವನ್ನು ಅಳೆಯುವ ಡಿಎಲ್‌ಟಿಎಸ್ (ಡೀಪ್ ಲೆವೆಲ್ ಟ್ರಾನ್ಸಿಯಂಟ್ ಸ್ಪೆಕ್ಟ್ರೋಸ್ಕೋಪಿ) ವಿಧಾನವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಿ.ವಿ. ಲ್ಯಾಂಗ್ 1974ರಲ್ಲಿ ಪ್ರಕಟಿಸಿದರು.

ಘನ ಸೆಂಟಿಮೀಟರಿಗೆ ಫಾಸ್ಫರಸ್ 10¹⁵ರಷ್ಟಿರುವ ಎನ್-ಮಾದರಿ (ಎಲೆಕ್ಟ್ರಾನ್‌ಗಳೇ ವಿದ್ಯುತ್ ಒಯ್ಯುವ) ಸಿಲಿಕಾನನ್ನು ನೀರು ಬೆರೆಸಿದ ಎಚ್‌ಎಫ್‌ (ಹೈಡ್ರೋಫ್ಲೋರಿಕ್ ಆಮ್ಲ)ನಲ್ಲಿ ಅದ್ದಿ ಆಕ್ಸೈಡ್ ಕಳೆದು, ತಡಮಾಡದೆ ಚಿನ್ನದ ಶಾಟ್ಕಿ ಸಂಪರ್ಕ ಕೂರಿಸಿ; ಲೋಹ ಸಿಲಿಕಾನಿಗೆ ತಾಗಿದ ಈ ಜೋಡಣೆಯೇ ಡಯೋಡ್. ಅದಕ್ಕೆ 5 ವೋಲ್ಟ್ ಹಿಮ್ಮುಖ ವೋಲ್ಟೇಜ್ ಕೊಡಿ. 1 ಮಿಲಿಸೆಕೆಂಡ್ ಆ ವೋಲ್ಟೇಜನ್ನು ಸೊನ್ನೆಗಿಳಿಸಿದರೆ ದೋಷಗಳು ಎಲೆಕ್ಟ್ರಾನ್ ತುಂಬಿಕೊಳ್ಳುತ್ತವೆ. ಮತ್ತೆ 5 ವೋಲ್ಟಿಗೆ ಬಂದಾಗ ಒಂದೊಂದಾಗಿ ಬಿಡುತ್ತವೆ. ಆಗ 1 ಮೆಗಾಹರ್ಟ್ಸ್‌ನಲ್ಲಿ ಅಳೆದ ಡಯೋಡಿನ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ) ಮೆಲ್ಲಗೆ ಏರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಬಿಡುತ್ತವೆ. ಹಾಗಾಗಿ 80ರಿಂದ 300 ಕೆಲ್ವಿನ್‌ವರೆಗೆ ಇದನ್ನೇ ಮಾಡುತ್ತಾ ಹೋದರೆ ಗ್ರಾಫಿನಲ್ಲಿ ಒಂದೊಂದು ಬಗೆಯ ದೋಷಕ್ಕೂ ಒಂದೊಂದು ಶಿಖರ ಏಳುತ್ತದೆ.

ಕೆಡುವುದು ಹೆಚ್ಚಾಗಿ ಸಣ್ಣ ವಿಷಯಕ್ಕೆ. ಹಿಂಬದಿಯ ಸಂಪರ್ಕ ಕೆಟ್ಟಿದ್ದು ಸರಣಿ ರೋಧ ಹೆಚ್ಚಾದರೆ ಶಿಖರವೇ ತಲೆಕೆಳಗಾದೀತು. ಅವಸರದಲ್ಲಿ ಬಿಸಿ ಮಾಡಿದರೆ ಥರ್ಮಾಮೀಟರಿನ ಲೆಕ್ಕ ಒಂದು, ಡಯೋಡಿನದು ಇನ್ನೊಂದು. ವಿಕಿರಣ ಜಾಸ್ತಿಯಾಗಿ ದೋಷಗಳು ಫಾಸ್ಫರಸ್‌ನ ಹತ್ತನೇ ಒಂದು ಭಾಗ ದಾಟಿದರೆ ಲೆಕ್ಕದ ಸೂತ್ರವೇ ಹೊಂದುವುದಿಲ್ಲ. ಮಳೆಗಾಲದಲ್ಲಂತೂ ವ್ಯಾಕ್ಯೂಮ್ ಸೋರಿದರೆ ತಣ್ಣಗಿನ ಡಯೋಡಿನ ಮೇಲೆ ಮಂಜು ಕಟ್ಟುತ್ತದೆ.

ಇಷ್ಟೆಲ್ಲ ಸರಿ ಹೋದರೂ ಶಿಖರ ಕಂಡ ಕೂಡಲೇ ನಾಮಕರಣ ಬೇಡ. ಖಾಲಿ ಜಾಗ ಕೋಣೆಯ ಬಿಸಿಯಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ; ಅಲೆದಾಡಿ ಆಕ್ಸಿಜನ್‌ಗೋ ಫಾಸ್ಫರಸ್‌ಗೋ ಇನ್ನೊಂದು ಖಾಲಿ ಜಾಗಕ್ಕೋ ಅಂಟಿಕೊಳ್ಳುತ್ತದೆ. ಆಕ್ಸಿಜನ್‌ಗೆ ಅಂಟಿದ ಜೋಡಿ 0.18 ಎಲೆಕ್ಟ್ರಾನ್ ವೋಲ್ಟ್ ಆಳದಲ್ಲಿ ಬೇರೆಯಾಗಿಯೇ ಕಾಣುತ್ತದೆ; ಆಳವೆಂದರೆ ಹಿಡಿದ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ. ತೊಡಕು 0.42ರ ಜೋಡಿ-ಖಾಲಿಜಾಗ (ಒಂದಕ್ಕೊಂದು ಅಂಟಿದ ಎರಡು ಖಾಲಿ ಜಾಗ) ಮತ್ತು 0.45ರ ಫಾಸ್ಫರಸ್ ಜೋಡಿಯದು: ಎರಡೂ ಒಂದೇ ಶಿಖರದಂತೆ ಬೆರೆತಿರುತ್ತವೆ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ಮತ್ತೆ ಅಳೆಯಿರಿ. ಕಳೆದುಹೋದದ್ದು ಫಾಸ್ಫರಸ್‌ನದು, ಉಳಿದದ್ದು ಜೋಡಿ-ಖಾಲಿಜಾಗದ್ದು. ಜೋಡಿ-ಖಾಲಿಜಾಗದ ಎರಡನೇ ಶಿಖರ 0.23ರಲ್ಲಿರುತ್ತದೆ. ಕೋಬಾಲ್ಟ್-60ರ ಗಾಮಾ ಕಿರಣ ಬಿದ್ದಿದ್ದರೆ ಅದರ ಎರಡೂ ಶಿಖರ ಹೆಚ್ಚುಕಮ್ಮಿ ಒಂದೇ ಎತ್ತರ. ನ್ಯೂಟ್ರಾನ್ ಬಡಿದಿದ್ದರೆ 0.23ರದ್ದು ಗಿಡ್ಡ, ಯಾಕೆಂದರೆ ಅಲ್ಲಿ ದೋಷಗಳು ಗುಂಪುಗಟ್ಟಿರುತ್ತವೆ.