ಕ್ಲಿಯರೆನ್ಸ್ ಫಾರಂನಲ್ಲಿ ಇಲ್ಲದ ಒಂದು ಸಾಲು

ಸೌದಿ ಅರೇಬಿಯಾದ ಒಂದು ಕಟ್ಟಡ ಕಂಪನಿಯ ಕಚೇರಿಯಲ್ಲಿ ನನ್ನ ಕೆಲಸ. ಊರಿಗೆ ಹೊರಟವರ ಕಾಗದಪತ್ರ ನೋಡಿಕೊಳ್ಳುತ್ತೇನೆ. ರಜೆಗೆ ಹೋಗುವವರಿಗೆ ಎಕ್ಸಿಟ್ ರೀ-ಎಂಟ್ರಿ, ಕೆಲಸ ಬಿಟ್ಟು ಹೋಗುವವರಿಗೆ ಫೈನಲ್ ಎಕ್ಸಿಟ್. ಫೈನಲ್ ಎಕ್ಸಿಟ್ ವೀಸಾ ಆದ ಮೇಲೆ 60 ದಿನದೊಳಗೆ ದೇಶ ಬಿಡಬೇಕು. ಅಷ್ಟರಲ್ಲಿ ಕ್ಲಿಯರೆನ್ಸ್ ಫಾರಂ ಮೇಲೆ ಸ್ಟೋರ್, ಕ್ಯಾಂಪ್, ಅಕೌಂಟ್ಸ್ ಎಲ್ಲರ ಸಹಿ ಬೀಳಬೇಕು. ಹೆಲ್ಮೆಟ್ ವಾಪಸ್, ರೂಮಿನ ಬೀಗದ ಕೈ ವಾಪಸ್, ಬಾಕಿ ಚುಕ್ತಾ. ಇಷ್ಟಾದರೆ ನನ್ನ ಕೆಲಸ ಮುಗಿಯಿತು ಅಂತ ಬಹಳ ದಿನ ಅಂದುಕೊಂಡಿದ್ದೆ.

ಪಾಕಿಸ್ತಾನದ ಒಬ್ಬ ಹಿರಿಯ ಡ್ರೈವರ್ ಇದ್ದರು. ನಾವೆಲ್ಲ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆವು. ಅವರು ಹೊರಡುವ ದಿನ ಪಾಸ್‌ಪೋರ್ಟ್, ಟಿಕೆಟ್ ಕವರನ್ನು ಕೌಂಟರಿನ ಮೇಲಿಂದ ಕೊಟ್ಟೆ. ಅವರು ಕವರ್ ಪಕ್ಕಕ್ಕಿಟ್ಟು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೇಟಾ, ಕಹಾ ಸುನಾ ಮಾಫ್ ಕರ್ನಾ" ಅಂದರು. ಆಡಿದ ಮಾತಿನಲ್ಲಿ ಏನಾದರೂ ತಪ್ಪಿದ್ದರೆ ಮನ್ನಿಸು ಅಂತ. ನಾನು "ಅಯ್ಯೋ, ಅದೆಲ್ಲ ಏನಿಲ್ಲ ಚಾಚಾ, ಬಸ್ ಕಾಯ್ತಿದೆ" ಅಂದೆ. ಅವರು ಕೈ ಬಿಡಲಿಲ್ಲ. ಇನ್ನೊಮ್ಮೆ ಅದೇ ಮಾತು ಹೇಳಿದರು. ನಾನು ಮತ್ತೆ ಗಡಿಯಾರ ನೋಡಿದೆ. ಕೊನೆಗೆ ಸುಮ್ಮನೆ ತಲೆ ಆಡಿಸಿ ಹೊರಟರು.

ಬಸ್ ಹೋದ ಮೇಲೆ ನಮ್ಮ ಫೋರ್‌ಮನ್ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅವರು ಕೇಳಿದ್ದು ಒಂದು ಮಾತು. ಮಾಫ್ ಕಿಯಾ, ಆಪ್ ಭೀ ಮಾಫ್ ಕರ್ನಾ ಅನ್ನಬೇಕಿತ್ತು." ಮನ್ನಿಸಿದೆ, ನೀವೂ ಮನ್ನಿಸಿ ಅಂತ. ಇಬ್ಬರೂ ಹೇಳಿದರೆ ಮಾತ್ರ ಲೆಕ್ಕ ಚುಕ್ತಾ. ಅದರಲ್ಲೂ ಹಜ್‌ಗೆ ಹೋಗುವವರು ಮನೆಮನೆಗೆ ಹೋಗಿ ಹೀಗೆ ಕೇಳಿಕೊಂಡೇ ಹೊರಡುತ್ತಾರಂತೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ವಾಟ್ಸಾಪ್‌ನಲ್ಲಿ ದನಿ ರೆಕಾರ್ಡ್ ಮಾಡಿ ಆ ಎರಡು ಮಾತು ಕಳಿಸಿದೆ.

ನಾನು ಮುಸ್ಲಿಮನಲ್ಲ. ಆದರೆ ನಮ್ಮ ಕ್ಯಾಂಪಿನಲ್ಲಿ ಏಳೆಂಟು ದೇಶದ ಮುಸ್ಲಿಮರಿದ್ದಾರೆ. ಹೋಗುವವರು ಏನು ಹೇಳುತ್ತಾರೆ, ಉಳಿಯುವವರು ಏನು ಉತ್ತರ ಕೊಡುತ್ತಾರೆ ಅಂತ ಅವತ್ತಿನಿಂದ ಕಿವಿಗೊಟ್ಟು ಕೇಳತೊಡಗಿದೆ.

ಟರ್ಕಿಯ ಎಂಜಿನಿಯರ್‌ಗಳಲ್ಲಿ ಇದು ತುಂಬ ಸ್ಪಷ್ಟ. ಹೊರಡುವವನು "ಅಲ್ಲಾಹಾ ಇಸ್ಮಾರ್ಲಾದಿಕ್" ಅನ್ನಬೇಕು, ನಿಮ್ಮನ್ನು ದೇವರಿಗೆ ಒಪ್ಪಿಸಿದೆವು ಅಂತ. ಉಳಿಯುವವನು "ಗ್ಯುಲೆ ಗ್ಯುಲೆ" ಅನ್ನಬೇಕು, ನಗುನಗುತ್ತಾ ಹೋಗು ಅಂತ. ಒಂದು ಸಲ ಮೀಟಿಂಗ್‌ನಿಂದ ಎದ್ದು ಹೊರಡುವಾಗ ನಾನೇ ಗ್ಯುಲೆ ಗ್ಯುಲೆ ಅಂದುಬಿಟ್ಟೆ. ಅವರಲ್ಲೊಬ್ಬರು ಬಾಗಿಲ ತನಕ ಬಂದು, ಅದು ನಾವು ಹೇಳಬೇಕಾದ ಮಾತು ಅಂತ ತಿಳಿಸಿದರು. ಇಂಡೋನೇಷ್ಯಾದವರಲ್ಲೂ ಹೀಗೇ. ಹೋಗುವವರಿಗೆ "ಸೆಲಾಮತ್ ಜಲಾನ್", ಉಳಿಯುವವರಿಗೆ "ಸೆಲಾಮತ್ ತಿಂಗ್ಗಾಲ್".

ಟರ್ಕಿಯವರಿಂದಲೇ ಕಲಿತ ಇನ್ನೊಂದು ಮಾತು ನನಗೆ ಜಾಸ್ತಿ ತಟ್ಟಿತು. ದೂರ ಹೋಗುವವನು "ಹಕ್ಕಿನಿ ಹೆಲಾಲ್ ಎತ್" ಅಂತ ಕೇಳುತ್ತಾನೆ. ನನ್ನ ಮೇಲೆ ನಿನಗಿರುವ ಹಕ್ಕನ್ನು ಬಿಟ್ಟುಕೊಡು ಅಂತ. ಉತ್ತರ "ಹೆಲಾಲ್ ಓಲ್ಸುನ್", ಬಿಟ್ಟುಕೊಟ್ಟೆ. ಅಲ್ಲಿ ಯಾರಾದರೂ ತೀರಿಕೊಂಡಾಗ ಇಮಾಮರು ಸೇರಿದ ಜನರನ್ನು ಇದನ್ನೇ ಕೇಳುತ್ತಾರೆ, ಜನ ಇದೇ ಉತ್ತರ ಕೊಡುತ್ತಾರೆ. ಆ ಹಕ್ಕು ನಮ್ಮ ಹಕ್ಕೇ. ಬಾಕಿ, ಮಾಫಿ ಕೂಡ ಹಾಗೇ ಅರಬ್ಬಿಯಿಂದ ಕನ್ನಡಕ್ಕೆ ಬಂದ ಮಾತುಗಳು. ಸೆಟ್ಲ್‌ಮೆಂಟ್ ಹಾಳೆಯಲ್ಲಿ ನಾನು ದಿನಾ ಲೆಕ್ಕ ಹಾಕುವ ಮಾತುಗಳನ್ನೇ ಈ ಜನ ಕೈ ಹಿಡಿದುಕೊಂಡು ಹೇಳುತ್ತಿದ್ದರು.

ಈಜಿಪ್ಟಿನವರ ಬೀಳ್ಕೊಡುಗೆ ನೋಡಬೇಕು. ನಮ್ಮ ಅಕೌಂಟೆಂಟ್ ರಜೆಗೆ ಹೊರಟು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೆಳಗೆ ಅವರ ಊರಿನ ಗೆಳೆಯ. ಮೇಲಿನವರು "ಲಾ ಇಲಾಹ ಇಲ್ಲಲ್ಲಾಹ್" ಅಂದು ನಿಲ್ಲಿಸಿದರು. ಕೆಳಗಿನವರು "ಮುಹಮ್ಮದ್ ರಸೂಲುಲ್ಲಾಹ್" ಅಂತ ಮುಗಿಸಿದರು. ಅಲ್ಲಾಹನ ಹೊರತು ದೇವರಿಲ್ಲ, ಮುಹಮ್ಮದರು ಅವನ ದೂತರು ಅನ್ನುವ ಒಂದೇ ಕಲಿಮಾ, ಅರ್ಧ ಬಸ್ಸಿನೊಳಗೆ, ಅರ್ಧ ನೆಲದ ಮೇಲೆ. ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಎರಡನೇ ಅರ್ಧ ಮುಗಿಯುವ ತನಕ ಬಾಗಿಲು ಮುಚ್ಚಲು ಅವರು ಬಿಡಲಿಲ್ಲ.

ಖುದಾ ಹಾಫಿಜ್ ಮತ್ತು ಅಲ್ಲಾ ಹಾಫಿಜ್ ಬಗ್ಗೆ ಕ್ಯಾಂಪಿನಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಎರಡಕ್ಕೂ ಅರ್ಥ ಒಂದೇ, ದೇವರು ಕಾಪಾಡಲಿ. ಖುದಾ ಪಾರ್ಸಿ ಮಾತು, ಇರಾನಿನಲ್ಲಿ ಇವತ್ತಿಗೂ ಖೊದಾ ಹಾಫೆಜ್ ಅಂತಲೇ ಹೇಳುವುದು. ಪಾಕಿಸ್ತಾನದಲ್ಲಿ 1980ರ ದಶಕದಿಂದ ಈಚೆಗೆ ಅಲ್ಲಾ ಹಾಫಿಜ್ ಹೆಚ್ಚಾಯಿತು. ವಯಸ್ಸಾದವರ ಬಾಯಲ್ಲಿ ಖುದಾ, ಹುಡುಗರ ಬಾಯಲ್ಲಿ ಅಲ್ಲಾ. ಯಾವುದು ಸರಿ ಅಂತ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಎದುರಿನವರು ಯಾವುದನ್ನು ಹೇಳಿದರೋ ಅದನ್ನೇ ತಿರುಗಿ ಹೇಳುತ್ತೇನೆ. ಪಠಾಣರು "ಖುದಾಯ್ ಪಾಮಾನ್" ಅಂದರೂ ಅರಬ್ಬರು "ಫೀ ಅಮಾನಿಲ್ಲಾಹ್" ಅಂದರೂ ಅರ್ಥ ಒಂದೇ, ದೇವರ ರಕ್ಷಣೆಯಲ್ಲಿರು ಅಂತ. "ಮಅಸ್ಸಲಾಮ", ಅಂದರೆ ಕ್ಷೇಮವಾಗಿ ಹೋಗು, ಅಂದವರಿಗೆ "ಅಲ್ಲಾಹ್ ಯಿಸಲ್ಲಿಮಕ್" ಅನ್ನಬೇಕು, ದೇವರು ನಿನ್ನನ್ನು ಕ್ಷೇಮವಾಗಿಡಲಿ ಅಂತ. ಬಾಂಗ್ಲಾದ ಹುಡುಗರಲ್ಲಿ ಹಲವರು ಹೊರಡುವಾಗ "ಆಶಿ" ಅನ್ನುತ್ತಾರೆ. ಅಂದರೆ ಬರ್ತೀನಿ. ಇದನ್ನು ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಕನ್ನಡದಲ್ಲೂ ನಾವು ಹಾಗೇ ಅನ್ನುತ್ತೇವೆ ಅಲ್ವಾ.

ಇಷ್ಟೆಲ್ಲ ಭಾಷೆಯವರಿಗೂ ಸಲಾಂ ಒಂದೇ. ಬರುವಾಗಲೂ ಅದೇ, ಹೋಗುವಾಗಲೂ ಅದೇ. ಸೂಡಾನಿನ ಸಹೋದ್ಯೋಗಿಯೊಬ್ಬರು ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಹೇಳಿದರು, ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಇರುವುದು. ಸಭೆಗೆ ಬಂದಾಗ ಸಲಾಂ ಹೇಳಿ, ಎದ್ದು ಹೋಗುವಾಗಲೂ ಹೇಳಿ, ಮೊದಲಿನ ಸಲಾಂ ಕೊನೆಯದಕ್ಕಿಂತ ದೊಡ್ಡದಲ್ಲ. ಹೊಸಬರು ಸೇರುವ ದಿನ ನಾವು ಚಹಾ ಕೊಟ್ಟು, ಕ್ಯಾಂಪ್ ತೋರಿಸಿ, ಅರ್ಧ ದಿನ ಕೊಡುತ್ತಿದ್ದೆವು. ಹೋಗುವವರಿಗೆ ಐದು ನಿಮಿಷವೂ ಇರುತ್ತಿರಲಿಲ್ಲ.

ಈಗ ಕೆಲಸದಲ್ಲಿ ಮೂರು ಬದಲಾವಣೆ ಮಾಡಿಕೊಂಡಿದ್ದೇನೆ. ಸಹಿಗಳೆಲ್ಲ ಹಿಂದಿನ ದಿನವೇ ಮುಗಿಯಬೇಕು. ನೋಟಿಸ್ ಬೋರ್ಡಿನಲ್ಲಿ ಬಸ್ಸಿನ ಸಮಯವನ್ನು ನಿಜವಾಗಿ ಹೊರಡುವುದಕ್ಕಿಂತ ಅರ್ಧ ಗಂಟೆ ಮುಂಚಿನದಾಗಿ ಬರೆಯುತ್ತೇನೆ. ಕವರನ್ನು ಕೌಂಟರಿನ ಮೇಲಿಂದ ಕೊಡುವುದಿಲ್ಲ, ಎದ್ದು ಹೊರಗೆ ಹೋಗಿ ಕೊಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಏನೇನೋ ನಡೆಯುತ್ತದೆ. ಒಬ್ಬರು ಸಾಲ ತಂದು ಕೊಡುತ್ತಾರೆ. ಮಾತು ಬಿಟ್ಟಿದ್ದ ಇಬ್ಬರು ತಬ್ಬಿಕೊಳ್ಳುತ್ತಾರೆ. ಟರ್ಕಿಯವರು ಹೊರಟರೆ ಗೆಳೆಯರು ವಾಟರ್ ಕೂಲರ್‌ನಿಂದ ಜಗ್ ತುಂಬಿಸಿ ತಂದು ಬಸ್ಸಿನ ಹಿಂದೆ ನೀರು ಚೆಲ್ಲುತ್ತಾರೆ, ನೀರಿನ ಹಾಗೆ ಹೋಗಿ ನೀರಿನ ಹಾಗೆ ಬಾ ಅಂತ.

ಹೋದ ತಿಂಗಳು ಸೆನೆಗಲ್‌ನ ಒಬ್ಬ ವೆಲ್ಡರ್ ಹೊರಟ. ಎಲ್ಲ ಮುಗಿದ ಮೇಲೆ ನನ್ನ ಕಡೆ ಎಡಗೈ ಚಾಚಿದ. ಊಟಕ್ಕಾಗಲಿ ಕೊಡುಕೊಳ್ಳುವುದಕ್ಕಾಗಲಿ ಇಲ್ಲಿ ಯಾರೂ ಎಡಗೈ ಮುಂದೆ ಮಾಡುವುದಿಲ್ಲ. ನನಗೆ ಏನು ಮಾಡಬೇಕೋ ತೋಚಲಿಲ್ಲ. ಅವನೇ ಹೇಳಿದ, "ನಮ್ಮ ಕಡೆ ದೂರ ಹೋಗುವಾಗ ಬೇಕೆಂದೇ ಎಡಗೈ ಕೊಡುತ್ತೇವೆ. ಇದು ತಪ್ಪು. ಈ ತಪ್ಪನ್ನು ಸರಿ ಮಾಡುವುದಕ್ಕಾದರೂ ಮತ್ತೆ ಸಿಗಲೇಬೇಕು." ಅವನ ಫಾರಂನಲ್ಲಿ ಎಲ್ಲ ಸಹಿಯೂ ಬಿದ್ದಿತ್ತು, ಒಂದು ರಿಯಾಲ್ ಬಾಕಿ ಇರಲಿಲ್ಲ. ನಾನು ಬಲಗೈಯಲ್ಲಿದ್ದ ಕವರನ್ನು ಅವನ ಚೀಲದೊಳಗಿಟ್ಟು ಎಡಗೈ ಕೊಟ್ಟೆ.