ಪೆನ್ಸಿಲ್‌ನಲ್ಲಿ ಬರೆದ ಮೂರು ವರ್ಷ

ಇವತ್ತು ಅಕ್ಕನ ಮಗಳು ಪದವಿಗೆ ಪ್ಲಾನ್ ಹಾಕಲು ಕೂತಿದ್ದಳು. ಮಹಿಳಾ ಅಧ್ಯಯನ. ಒಂದು ಹಾಳೆ, ಆರು ಚೌಕ, ಚೌಕಕ್ಕೊಂದು ಸೆಮಿಸ್ಟರ್. ಎಲ್ಲಾ ಪೆನ್ಸಿಲ್‌ನಲ್ಲಿ.

ಸ್ತ್ರೀವಾದ, ಚರಿತ್ರೆ, ಕಾನೂನು, ಸಾಹಿತ್ಯ ಸಲೀಸಾಗಿ ಜಾಗ ಹಿಡಿದವು. ಸಂಖ್ಯಾಶಾಸ್ತ್ರ ಮಾತ್ರ ಎಲ್ಲೂ ನಿಲ್ಲಲಿಲ್ಲ. ಎರಡನೇ ಚೌಕದಲ್ಲಿ ಬರೆದಳು, ಅಳಿಸಿದಳು. ನಾಲ್ಕಕ್ಕೆ ತಂದಳು, ಅಲ್ಲೂ ಅಳಿಸಿದಳು. ಕೊನೆಗೆ ಆರನೆಯದರ ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ. ಉಜ್ಜಿ ಉಜ್ಜಿ ಹಾಳೆ ಅಲ್ಲಲ್ಲಿ ತೆಳುವಾಗಿತ್ತು.

"ಚಿಕ್ಕಮ್ಮ, ಲೆಕ್ಕ ಬೇಡ ಅಂತಲೇ ಅಲ್ವಾ ಇದನ್ನ ತಗೊಳ್ತಿರೋದು?"

ನಗು ಬಂತು. ಮನೆಯಲ್ಲಿ ಸಂಬಳವಿಲ್ಲದೆ ಮಾಡುವ ಅಡುಗೆ, ಮಕ್ಕಳ ಆರೈಕೆ ಯಾವುದೂ ಜಿಡಿಪಿಗೆ ಸೇರುವುದಿಲ್ಲ. ಅದು ಎಷ್ಟು ಹೊತ್ತಿನ ದುಡಿಮೆ ಅಂತ ತೋರಿಸಿಕೊಟ್ಟಿದ್ದು, ಜನ ಇಡೀ ದಿನ ಏನೇನು ಮಾಡುತ್ತಾರೆ ಅಂತ ಬರೆದಿಟ್ಟ ಸಮಯ ಬಳಕೆ ಸಮೀಕ್ಷೆಗಳು. ಅವನ್ನು ಓದಲು ಲೆಕ್ಕ ಬೇಕೇ ಬೇಕು. ಮತ್ತೆ ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇಟ್ಟುಕೊಂಡರೆ, ಅದೇ ಹೊತ್ತಿಗೆ ಸಂಖ್ಯಾಶಾಸ್ತ್ರ ಕಲಿಯುತ್ತಾ ಕೂರುವುದಾ? ಅವಳಿಗೆ ಇಷ್ಟೇ ಹೇಳಿದೆ.

ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ಕಾಲೇಜಿನಲ್ಲಿ 1970ರಲ್ಲೇ ಮಹಿಳಾ ಅಧ್ಯಯನದ ಕೋರ್ಸ್ ಶುರುವಾಗಿತ್ತು. ನಾನು ಓದುವಾಗ ಇಂಥದ್ದೊಂದು ಇದೆ ಅಂತಲೂ ಗೊತ್ತಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಅವಳು ಏನೂ ಹೇಳಲಿಲ್ಲ. ಸುಮ್ನೆ ರಬ್ಬರ್ ಎತ್ತಿಕೊಂಡಳು. ಸಂಖ್ಯಾಶಾಸ್ತ್ರ ಈಗ ಮೂರನೇ ಚೌಕದಲ್ಲಿದೆ. ಅಕ್ಷರ ಸ್ವಲ್ಪ ದೊಡ್ಡದಾಗಿದೆ. ಇನ್ನೂ ಪೆನ್ಸಿಲ್‌ನಲ್ಲೇ.